ಸೌನಾದ ಮೆಟ್ಟಿಲು

ಎತ್ತರ ಐದಡಿ ಒಂದಿಂಚು. ತೂಕ, ಚಳಿಗಾಲದ ಕೋಟು ಬೂಟು ಸೇರಿಸಿದರೂ ನೂರ ಹದಿನೈದು ಪೌಂಡು ದಾಟದು. ಮೇಲ್ಮೈ ಒರಟು, ಅಂಚು ಚೂಪು, ಎಡ ಮಂಡಿಯಲ್ಲಿ ಹಳೆಯ ಬಿರುಕು. ಹೊಳಪು ಇಲ್ಲ, ಉಜ್ಜಿ ಹೊಳಪು ತರಿಸಲು ಹೋದವರು ಕೈ ಕೊಯ್ದುಕೊಂಡಿದ್ದಾರೆ. ಸರಕಾಗಿ ನನ್ನ ಅಂಗಡಿಗೆ ಬಂದಿದ್ದರೆ ಕಿಟಕಿಯಲ್ಲಿ ಇಡುತ್ತಿರಲಿಲ್ಲ, ಆದರೆ ಬೇರೆಯವರಿಗೆ ಮಾರಲು ಮನಸ್ಸೂ ಬರುತ್ತಿರಲಿಲ್ಲ. ಮಿಸೆಸ್ ಸೈಮಾ ಕುರ್ತಿ ಅಂಥ ಮಾಲು.

ಮಿಷಿಗನ್ನಿನ ಈ ಉತ್ತರದ ಮೂಲೆಯಲ್ಲಿ, ತಾಮ್ರದ ಗಣಿಗಳು ಮುಚ್ಚಿದ ಮೇಲೆ, ಉಳಿದವರೆಲ್ಲ ಏನಾದರೊಂದು ಮಾಡಿ ಬದುಕಿದೆವು. ನಾನು ತಾಮ್ರದ ಗಟ್ಟಿ, ಹಳೆಯ ನಾಣ್ಯ, ಬಣ್ಣದ ಕಲ್ಲು ಮಾರುವ ಅಂಗಡಿ ಇಟ್ಟೆ. ಮಿಸೆಸ್ ಕುರ್ತಿ ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದರು. ಅವರ ಕೈಯ ಊಟ ಉಂಡವರೆಲ್ಲ ಅವರನ್ನು ಕೊನೆಯವರೆಗೂ ಮಿಸೆಸ್ ಕುರ್ತಿ ಎಂದೇ ಕರೆಯಬೇಕು. ಅವರು ಮಾತ್ರ ನಮ್ಮನ್ನು ಕರೆಯುತ್ತಿದ್ದದ್ದು ನಾವು ತಟ್ಟೆಯಲ್ಲಿ ಬಿಟ್ಟ ಪದಾರ್ಥದ ಹೆಸರಿನಿಂದ. ಬ್ಯಾಂಕಿನ ಮ್ಯಾನೇಜರು ಬಟಾಣಿ. ಪಾದ್ರಿ ಮೀನು. ನಾನು, ಟ್ರೆಜೈಸ್ ಮನೆತನದ ಕೊನೆಯವನು, ಬೀಟ್ರೂಟು.

ನಿವೃತ್ತಿಯ ಹಣದಲ್ಲಿ ಎಲ್ಲರೂ ಫ್ಲಾರಿಡಾಕ್ಕೆ ಹೋದರೆ, ಇವರು ಲೋಹ ಹುಡುಕುವ ಯಂತ್ರ ಕೊಂಡರು. ಮಿಕ್ಕ ಹುಡುಕಾಟದವರು ಸರೋವರದ ದಂಡೆಗೋ ಗಣಿಯ ಕಲ್ಲುಗುಡ್ಡೆಗೋ ಹೋಗಿ ಬಾಟಲಿ ಮುಚ್ಚಳ ಎತ್ತಿಕೊಂಡು ಬರುತ್ತಿದ್ದರು. ಮಿಸೆಸ್ ಕುರ್ತಿ ಹದಿನೈದು ದಿನಕ್ಕೊಮ್ಮೆ ನನ್ನ ಗಾಜಿನ ಪೆಟ್ಟಿಗೆಯ ಮೇಲೆ ನೂರು ವರ್ಷದ ಬೆಳ್ಳಿ ನಾಣ್ಯ ಇಡುತ್ತಿದ್ದರು.

"ಏನ್ ಬೀಟ್ರೂಟು, ವ್ಯಾಪಾರ ಹೆಂಗಿದೆ?"

"ನೊಣ ಹೊಡೀತಾ ಕೂತಿದೀನಿ, ಮಿಸೆಸ್ ಕುರ್ತಿ."

"ಹೊಡಿ, ಹೊಡಿ. ಸತ್ತ ನೊಣಕ್ಕೂ ಒಂದು ರೇಟು ಚೀಟಿ ಅಂಟಿಸ್ತೀಯ ನೀನು."

ಎಲ್ಲಿ ಸಿಕ್ಕಿತು ಎಂದು ಕೇಳಿದರೆ, "ನೆಲದಲ್ಲಿ" ಎನ್ನುತ್ತಿದ್ದರು. ಹನ್ನೊಂದು ವರ್ಷ ಕೇಳಿದೆ. ಹನ್ನೊಂದು ವರ್ಷವೂ ಅದೇ ಉತ್ತರ.

ಹನ್ನೆರಡನೆಯ ವರ್ಷ ಅವರ ಮಂಡಿ ಕೈಕೊಟ್ಟಿತು. ಯಂತ್ರ ಆಡಿಸಬಲ್ಲರು, ಬಗ್ಗಿ ಅಗೆಯಲಾರರು. ಒಂದು ಬೆಳಿಗ್ಗೆ ಸನಿಕೆ ತಂದು ನನ್ನ ಕೌಂಟರಿಗೆ ಒರಗಿಸಿದರು.

"ಬಾ. ಅಗೆಯೋಕೆ ಒಂದು ಸೊಂಟ ಬೇಕು. ನಿನ್ನ ಸೊಂಟ ಅಂತೂ ಇಷ್ಟು ವರ್ಷ ಏನೂ ದುಡಿದಿಲ್ಲ."

ಅಂಗಡಿ ಮುಚ್ಚಿ ಹೋದೆ. ಅವರ ಮಂಡಿಯ ಮೇಲಿನ ಕನಿಕರದಿಂದಲ್ಲ. ಆ ಜಾಗ ಯಾವುದು ಎಂದು ತಿಳಿಯುವ ಆಸೆಯಿಂದ.

ಪೆನ್ರೋಸ್ ಗಣಿಯ ಕೆಲಸಗಾರರ ಕೇರಿ ಈಗ ಬರೀ ಕಾಡು. ಲೈಲಾಕ್ ಹೂಗಿಡ ಕಂಡಲ್ಲಿ ಒಂದು ಕಾಲಕ್ಕೆ ಮನೆಯ ಬಾಗಿಲಿತ್ತು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ಅಲ್ಲೇ ಅಗೆದು ಕೈಚೆಲ್ಲಿದ್ದಾರೆ. ಮಿಸೆಸ್ ಕುರ್ತಿ ಲೈಲಾಕ್ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಿಲು ದಾಟಿ, ತೊರೆಯ ಬದಿಗೆ ಹೋಗಿ, ಬೆಂಕಿಗೆ ಕೆಂಪಾಗಿ ಬಿರಿದ ಕಲ್ಲುಗಳ ಹತ್ತಿರ ನಿಂತರು.

"ಇದು ಸೌನಾ ಒಲೆ ಕಲ್ಲು, ನಮ್ಮ ಜನದ ಹಬೆ ಸ್ನಾನದ ಮನೆದು. ಕಾಯಿಸಿ ಕಾಯಿಸಿ ನೀರು ಹೊಯ್ದಿದ್ದಕ್ಕೆ ಹಿಂಗೆ ಬಿರಿದಿದೆ. ಈಗ ಬಾಗಿಲು ಯಾವ ಕಡೆ ಅಂತ ಹೇಳು."

"ತೊರೆ ಕಡೆ."

"ಬೀಟ್ರೂಟು ತಿನ್ನದೆ ಇದ್ರೂ ತಲೆ ಬೆಳೆದಿದೆ. ಬಾಗಿಲ ಪಕ್ಕ ಗೋಡೆಗೆ ಮೊಳೆ. ಶನಿವಾರ ಸಂಜೆ ಗಂಡಸರೆಲ್ಲ ಪ್ಯಾಂಟು ಬಿಚ್ಚಿ ತಲೆಕೆಳಗಾಗಿ ನೇತು ಹಾಕೋರು. ಜೇಬಿಂದ ಚಿಲ್ಲರೆ ಉದುರೋದು. ಬೆತ್ತಲೆ ನಿಂತವನು ಚಿಲ್ಲರೆ ಹುಡುಕ್ತಾನೇನು?"

ಅಗೆದೆ. ನಾಲ್ಕು ಬೆರಳು ಆಳದಲ್ಲಿ ಎರಡು ಬೆಳ್ಳಿ, ಒಂದು ತಾಮ್ರದ ಕಾಸು. ಇಷ್ಟೇ ಗುಟ್ಟು. ಒಂದು ಜನದ ಶನಿವಾರದ ಸ್ನಾನ ಗೊತ್ತಿದ್ದರೆ ಸಾಕು. ನನ್ನ ಕಾರ್ನಿಷ್ ಹಿರಿಯರು ಬೇರೆ ನಾಡಿನಿಂದ ಬಂದವರು, ತೊಟ್ಟಿಯಲ್ಲಿ ಕೂತು ಸ್ನಾನ ಮಾಡುತ್ತಿದ್ದರು, ಪ್ಯಾಂಟನ್ನು ಮಡಚಿ ಇಡುತ್ತಿದ್ದರು. ನಮ್ಮಿಂದ ಯಾರಿಗೂ ಒಂದು ಕಾಸು ಸಿಗದು.

ಆ ಬೇಸಿಗೆ ಪೂರ್ತಿ ಅಗೆದೆ. ಕೇರಿಯ ಕೊನೆಯ ಸೌನಾ ಹತ್ತಿರ ಬಂದಾಗ ಅವರು ಯಂತ್ರವನ್ನು ಬರಿದೇ ಊರುಗೋಲಿನಂತೆ ಹಿಡಿದಿದ್ದರು, ಆರಿಸಲು ಮರೆತಿದ್ದರು. ಪಾಚಿ ಕಟ್ಟಿದ ಒಂದು ಚಪ್ಪಟೆ ಕಲ್ಲಿನ ಮೇಲೆ ಹಾಯುತ್ತಲೇ ಅದು ಕೂಗಿದ ಕೂಗಿಗೆ ಮರದ ಕಾಗೆ ಎದ್ದಿತು. ಅವರು ಗುಂಡಿ ಒತ್ತಿ ಆರಿಸಿದರು.

"ಇಲ್ಲಿ ಬೇಡ," ಎಂದರು.

"ಮಿಸೆಸ್ ಕುರ್ತಿ, ಅದು ಕಲ್ಲಲ್ಲ."

"ಅಲ್ಲ ಅಂತ ನಮ್ಮಪ್ಪನಿಗೂ ಗೊತ್ತಿತ್ತು. ಆಲೂಗಡ್ಡೆ ಮಡಿ ಅಗೆಯುವಾಗ ಸಿಕ್ಕಿದ್ದು. ಪೂರಾ ತಾಮ್ರ. ನೆಲ ಕಂಪನಿದು, ಹಂಗಾಗಿ ತಾಮ್ರವೂ ಕಂಪನಿದೇ. ಅಪ್ಪ ಏನೂ ಮಾತಾಡದೆ ತಂದು ಸೌನಾ ಬಾಗಿಲಿಗೆ ಮೆಟ್ಟಿಲು ಹಾಕ್ದ. ಗಣಿ ಮೇಸ್ತ್ರಿ ಒಂದ್ಸಲ ಸ್ನಾನಕ್ಕೆ ಬಂದು, ಇದರ ಮೇಲೇ ನಿಂತು ಅಪ್ಪನಿಗೆ ಸೋಮಾರಿ ಅಂತ ಬೈದು ಹೋದ."

ನಾನು ನಕ್ಕೆ. ಅವರು ನಗಲಿಲ್ಲ.

"ನನ್ನ ಹೆತ್ತಿದ್ದು ಇಲ್ಲೇ, ಈ ಒಲೆ ಪಕ್ಕದಲ್ಲಿ. ಅಮ್ಮ ಸತ್ತಾಗ ತೊಳೆದಿದ್ದೂ ಇಲ್ಲೇ. ಅವಳನ್ನ ಹೊತ್ತುಕೊಂಡು ಈ ಮೆಟ್ಟಿಲು ಇಳಿದರು. ಮನೆ ಕಿತ್ತುಕೊಂಡು ಹೋದ್ರು, ಸೌನಾ ಕುಸೀತು, ಇದೊಂದು ಉಳಿದಿದೆ. ನಾನು ಸತ್ತ ಮೇಲೂ ಇದು ಇಲ್ಲೇ ಇರಬೇಕು. ಮಾತು ಕೊಡು."

"ನನಗ್ಯಾಕೆ ಬೇಕು ನಿಮ್ಮ ಮೆಟ್ಟಿಲು," ಎಂದೆ.

ಅದನ್ನೇ ಅವರು ಮಾತು ಎಂದು ತಿಳಿದರು. ಚೀಲದಿಂದ ಮಾಂಸ ತುಂಬಿದ ಕಡುಬಿನಂಥ ಪಾಸ್ಟಿ ತೆಗೆದು ಮುರಿದು ದೊಡ್ಡ ತುಂಡು ನನಗೆ ಕೊಟ್ಟರು. ಒಳಗೆ ಬೀಟ್ರೂಟು ಇರಲಿಲ್ಲ.

ನಮ್ಮ ಹಳೆಯ ಪದ್ಧತಿ ಹೀಗೆ: ಮನೆ ಕಟ್ಟಿದವನದು, ಮನೆಯ ಕೆಳಗಿನ ನೆಲ ಗಣಿಯದು. ಗಣಿ ಮುಚ್ಚಿದ ಮೇಲೂ ನೆಲ ಯಾವುದೋ ದೂರದ ಕಂಪನಿಯ ಕೈಯಲ್ಲಿತ್ತು. ಸೆಪ್ಟೆಂಬರಿನಲ್ಲಿ ಅದರ ಏಜೆಂಟನ ಹತ್ತಿರ ಹೋದೆ. ಪೆನ್ರೋಸಿನ ಕೊನೆಯ ಹಿತ್ತಿಲಲ್ಲಿ ಗುಜರಿ ಎತ್ತಲು ಒಂದು ಕಾಗದ ಬರೆಸಿಕೊಂಡೆ. ಎಲ್ಲ ಕಾನೂನುಬದ್ಧ. ಮಿಸೆಸ್ ಕುರ್ತಿಯ ಅಪ್ಪನಿಗಿಂತ ನಾನು ಪ್ರಾಮಾಣಿಕ ಎಂದು ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡದ್ದೂ ನೆನಪಿದೆ.

ರಾಟೆ ಹಾಕಿ ಎಳೆದೆ. ಎರಡು ಬೆರಳು ದಪ್ಪದ ಹಲಗೆಯಂಥದ್ದು, ಮುನ್ನೂರ ನಲವತ್ತು ಪೌಂಡು. ಮನೆಗೆ ತಂದು ಪಾಚಿ ಕೆರೆದಾಗ, ಸುತ್ತಲೂ ಹಸಿರು ಕಿಲುಬು, ನಡುವೆ ಮಾತ್ರ ಕಂದು ಬಣ್ಣದ ನುಣುಪು. ಅಲ್ಲಿ ಕೈಯಾಡಿಸಿದರೆ ಸ್ವಲ್ಪ ತಗ್ಗು ತಿಳಿಯುತ್ತಿತ್ತು. ಬರಿಗಾಲಿನಿಂದ ಆದದ್ದು. ಶನಿವಾರ, ಶನಿವಾರ, ನಲವತ್ತು ವರ್ಷ. ನನ್ನ ಕಸುಬಿನಲ್ಲಿ ನಾನು ಕುರುಡನಲ್ಲ. ಅದು ಏನೆಂದು ಕೈಗೆ ಗೊತ್ತಾಯಿತು. ಆದರೂ ಪ್ರವಾಸಿಗಳಿಗೆ ಹೊಳಪು ಬೇಕು. ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ, ಚಕ್ರದ ಕುಂಚದಿಂದ ಉಜ್ಜಿದೆ. ಸಂಜೆಯ ಹೊತ್ತಿಗೆ ಅದು ಹೊಸ ಕಾಸಿನಂತೆ ಹೊಳೆಯುತ್ತಿತ್ತು. ತಗ್ಗು ಸಿಗಲಿಲ್ಲ.

ಕಿಟಕಿಯಲ್ಲಿಟ್ಟ ಮೂರನೆಯ ದಿನ ಮಿಸೆಸ್ ಕುರ್ತಿ ಬಂದರು. ಬಹಳ ಹೊತ್ತು ಹೊರಗೇ ನಿಂತಿದ್ದರು. ಆಮೇಲೆ ಒಳಗೆ ಬಂದು ಕೈಗವಸು ತೆಗೆದರು. ಅಂಗೈಯನ್ನು ಅದರ ನಡುವೆ ಇಟ್ಟು, ಆಚೀಚೆ ಸರಿಸಿ, ಮತ್ತೆ ನಡುವೆ ತಂದರು.

"ಉಜ್ಜಿದೀಯ."

"ಹೌದು."

"ಚೆನ್ನಾಗಿ ಉಜ್ಜಿದೀಯ."

"ಕಂಪನಿಯಿಂದ ಕಾಗದ ಇದೆ, ಮಿಸೆಸ್ ಕುರ್ತಿ. ತೋರಿಸ್ತೀನಿ."

"ಇರುತ್ತೆ. ಅವರ ಹತ್ತಿರ ಕಾಗದ ಯಾವತ್ತೂ ಇರ್ತಿತ್ತು."

"ಬೇಕಿದ್ರೆ ವಾಪಸ್ ಅಲ್ಲೇ ಇಟ್ಟು ಬರ್ತೀನಿ."

"ಏನನ್ನ ಇಡ್ತೀಯ, ಮಿಸ್ಟರ್ ಟ್ರೆಜೈಸ್?"

ನಲವತ್ತು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಕಾರಿನಿಂದ ಯಂತ್ರ ತಂದು ಕೌಂಟರಿನ ಮೇಲಿಟ್ಟರು. "ಇದನ್ನೂ ಮಾರು. ನನಗೆ ಬೇಡ." ಕೈಗವಸು ಹಾಕಿಕೊಂಡು ಹೋದರು.

ತಾಮ್ರವನ್ನು ದಕ್ಷಿಣದ ಒಂದು ಹೋಟೆಲಿನವರು ಹಜಾರಕ್ಕೆಂದು ಕೊಂಡುಹೋದರು. ಯಂತ್ರ ನನ್ನ ಕಪಾಟಿನ ಮೇಲಿದೆ; ಅದಕ್ಕೆ ರೇಟು ಚೀಟಿ ಅಂಟಿಸಲು ಆಗಿಲ್ಲ. ಮಿಸೆಸ್ ಕುರ್ತಿಗೆ ಈಗ ಎಂಬತ್ತೊಂಬತ್ತು. ಶನಿವಾರ ಅಂಗಡಿ ಬೀದಿಗೆ ಬರುತ್ತಾರೆ, ನನ್ನ ಕಿಟಕಿ ಬಂದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ, ಆ ಮಂಡಿಯಲ್ಲೇ.

ನಾನು ಅವರಿಗೆ ಒಂದು ಮೆಟ್ಟಿಲು ಕೊಡಬೇಕು. ಅದು ನನ್ನ ಹತ್ತಿರ ಇಲ್ಲ.