ಎರಡರ ಮಗ್ಗಿ

ರಜೆ ಹತ್ತಿರ ಬಂದರೆ ಮಕ್ಕಳ ತಲೆಗೆ ಪಾಠ ಹತ್ತುವುದಿಲ್ಲ. ಇದು ಟೀಚರಿಗೂ ಗೊತ್ತು, ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿರುವುದು ಫೀಸು ಕಟ್ಟುವ ಅಪ್ಪಂದಿರಿಗೆ ಮಾತ್ರ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಯನಗರ ಒಂಬತ್ತನೇ ಬ್ಲಾಕಿನ ಒಂದು ಸಣ್ಣ ಕನ್ನಡ ಮೀಡಿಯಂ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಪಾಠ ಹೇಳುತ್ತಿದ್ದೆ. ಶಾಲೆ ಎಂದರೆ ಯಾರದೋ ಬಾಡಿಗೆ ಮನೆ. ಗ್ಯಾರೇಜಿನಲ್ಲಿ ನರ್ಸರಿ, ಅಡುಗೆಮನೆಯಲ್ಲಿ ಆಫೀಸು, ಹಜಾರದಲ್ಲಿ ನನ್ನ ಕ್ಲಾಸು. ಹಜಾರಕ್ಕೆ ರಸ್ತೆಯ ಕಡೆ ದೊಡ್ಡ ಕಿಟಕಿಗಳು. ಗೇಟಿಗೂ ಕಿಟಕಿಗೂ ನಡುವೆ ಒಂದು ದಾಸವಾಳದ ಗಿಡ ಬಿಟ್ಟರೆ ಏನೂ ಇರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ನಮ್ಮ ಪಾಠವೆಲ್ಲ ಕೇಳುತ್ತಿತ್ತು.

ಡಿಸೆಂಬರಿನ ರಜೆಗೆ ಮುಂಚಿನ ವಾರಗಳಲ್ಲಿ ನಮ್ಮಲ್ಲಿ ಪ್ರತಿ ವರ್ಷ ಒಂದೇ ಜಗಳ. ಆಟ ಆಡಿಸಿದರೆ ಅಪ್ಪಂದಿರು ಗೇಟಿನ ಹತ್ತಿರ ನಿಂತು ‘ಏನ್ ಮೇಡಂ, ಬರೀ ಕುಣಿತಾನೇ?’ ಎನ್ನುತ್ತಿದ್ದರು. ಪಾಠ ಮಾಡಿದರೆ ಮಕ್ಕಳು ಆಕಳಿಸುತ್ತಿದ್ದರು. ಆ ವರ್ಷ ಹೆಡ್‌ಮಿಸ್ ಸ್ಟಾಫ್ ಮೀಟಿಂಗಿನಲ್ಲಿ, ‘ಕುಣಿತಾನೂ ಇರ್ಲಿ, ಪಾಠಾನೂ ಇರ್ಲಿ. ಹೇಗೆ ಅಂತ ನನ್ನ ಕೇಳ್ಬೇಡಿ’ ಎಂದು ಹೇಳಿ ಎದ್ದು ಹೋದರು. ಅವರು ಯಾವಾಗಲೂ ಹಾಗೇ. ಕಷ್ಟದ ಕೆಲಸವನ್ನು ನಮ್ಮ ಮಡಿಲಿಗೆ ಹಾಕಿ ತಾವು ಕಾಫಿ ಕುಡಿಯುತ್ತಿದ್ದರು.

ನಾನು ಒಂದು ಉಪಾಯ ಹೂಡಿದೆ. ದಿನಕ್ಕೊಬ್ಬರು ತಮ್ಮ ಮನೆಯಲ್ಲಿ ಹೇಳುವ ಒಂದು ಹಾಡನ್ನು ಚಪ್ಪಾಳೆ ತಟ್ಟಿಕೊಂಡು ಹೇಳಬೇಕು. ಉಳಿದವರು ಚಪ್ಪಾಳೆ ಎಣಿಸಬೇಕು. ಆಮೇಲೆ ಬೋರ್ಡಿನ ಮೇಲೆ ಅದನ್ನು ಕೂಡಿ, ಕಳೆದು, ಎರಡೆರಡು ಮಾಡಿ ಗುಂಪು ಹಾಕಬೇಕು. ‘ಮನೆ ಹಾಡು’ ಎಂದು ಹೆಸರಿಟ್ಟೆ. ಅದು ಹತ್ತಿಕೊಂಡಿತು ನೋಡಿ! ಮರಾಠಿ ಮನೆಯ ಹುಡುಗ ಅಜ್ಜಿಯ ಹಾಡು ತಂದ, ತೆಲುಗು ಮನೆಯ ಹುಡುಗಿ ಮಗು ತೂಗುವ ಹಾಡು ತಂದಳು. ಲೆಕ್ಕ ಎಂದರೆ ಓಡುತ್ತಿದ್ದ ಮಕ್ಕಳು ಬೆರಳು ಮಡಿಚಿ ಮಡಿಚಿ ಎಣಿಸತೊಡಗಿದರು. ನನಗೆ ನನ್ನ ಮೇಲೇ ಸ್ವಲ್ಪ ಹೆಮ್ಮೆ ಬಂದಿತ್ತು.

ಮೂರನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ಸಾರಕ್ಕಿಯ ಹಳೇ ಊರಿನ ಒಂದು ವಠಾರದಲ್ಲಿ ಅವರ ಮನೆ. ತಾಯಿ ನಾಲ್ಕನೇ ಬ್ಲಾಕಿನ ಬ್ಲೌಸಿನ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ತಂದೆ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ. ಮನೆಯ ಮಾತು ತಮಿಳು. ಶಾಲೆಯಲ್ಲಿ ಮಾತ್ರ ಅವಳು ನನಗಿಂತ ಚೆನ್ನಾಗಿ ಕನ್ನಡ ಹರಟುತ್ತಿದ್ದಳು. ಅವಳ ಹತ್ತಿರ ತನ್ನ ಅಜ್ಜಿ ಹೇಳಿಕೊಟ್ಟ ಒಂದು ಎಣಿಕೆಯ ಹಾಡು ಇತ್ತು. ಊಟದ ಬಿಡುವಿನಲ್ಲಿ ಗೆಳತಿಯರಿಗೆ ಅದನ್ನು ಆಗಲೇ ಹೇಳಿ ತೋರಿಸಿ, ಅರ್ಧ ಕ್ಲಾಸಿಗೆ ಬಾಯಿಪಾಠ ಮಾಡಿಸಿಬಿಟ್ಟಿದ್ದಳು. ‘ಮಿಸ್, ನಂದು ಯಾವಾಗ?’ ಎಂದು ದಿನಾ ನನ್ನ ಸೆರಗು ಎಳೆಯುತ್ತಿದ್ದಳು.

ಅವಳ ಸರದಿ ಬರುವ ಹೊತ್ತಿಗೆ ಊರಿನಲ್ಲಿ ನೀರಿನ ಗಲಾಟೆ ಶುರುವಾಗಿತ್ತು. ಹೊಳೆಯ ನೀರು ಕನ್ನಡದವರಿಗೆ ಎಷ್ಟು, ತಮಿಳರಿಗೆ ಎಷ್ಟು ಎನ್ನುವ ಜಗಳ. ಮೊದಲು ಪೇಪರಿನಲ್ಲಿ ಇತ್ತು, ಆಮೇಲೆ ಹೋಟೆಲಿನ ಟೇಬಲಿಗೆ ಬಂತು, ಕೊನೆಗೆ ರಸ್ತೆಗೆ ಇಳಿಯಿತು. ಅವಳ ಸರದಿಯ ದಿನ ಬೆಳಿಗ್ಗೆ ನಾನು ಬನಶಂಕರಿಯಿಂದ ನಡೆದೇ ಬಂದೆ, ಬಸ್ಸು ಇರಲಿಲ್ಲ. ದಾರಿಯಲ್ಲಿ ಒಬ್ಬ ಅಂಗಡಿಯವನು ಏಣಿ ಹತ್ತಿ ತನ್ನ ಬೋರ್ಡಿನ ಮೇಲಿದ್ದ ತಮಿಳು ಅಕ್ಷರಗಳಿಗೆ ಹಳೇ ಪೇಪರು ಅಂಟಿಸುತ್ತಿದ್ದ. ಗೋಂದು ಇನ್ನೂ ಒದ್ದೆಯಿತ್ತು. ಅವನು ನನ್ನ ಕಡೆ ತಿರುಗಿ ಸುಮ್ಮನೆ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಶಾಲೆಗೆ ಅರ್ಧಕ್ಕಿಂತ ಕಡಿಮೆ ಮಕ್ಕಳು ಬಂದಿದ್ದರು. ಬಂದವರಿಗೆಲ್ಲ ಹಬ್ಬ. ‘ಮಿಸ್, ರಜೆ ಕೊಡ್ತಾರಂತೆ! ಇವತ್ತಿಂದಾನೇ ಅಂತೆ!’ ಎಂದು ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದರು. ಮೂರನೇ ಬೆಂಚಿನವಳೂ ಬಂದಿದ್ದಳು. ತಾಯಿ ಬೆಳಕು ಹರಿಯುತ್ತಿದ್ದಂತೆ ಅವಳನ್ನು ಶಾಲೆಯ ಆಯಾಳ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗಿದ್ದಳಂತೆ. ಹನ್ನೊಂದರ ಸುಮಾರಿಗೆ ತಿಲಕನಗರದ ಕಡೆಯಿಂದ ಕಪ್ಪು ಹೊಗೆ ಎದ್ದಿತು. ಟೈರು ಸುಡುವ ವಾಸನೆ ಕ್ಲಾಸಿನೊಳಗೆ ಬಂತು. ತಂದೆತಾಯಿಯರು ಒಬ್ಬೊಬ್ಬರೇ ಬಂದು, ಮಾತಿಲ್ಲದೆ ಮಕ್ಕಳ ಕೈ ಹಿಡಿದು ಕರೆದೊಯ್ಯತೊಡಗಿದರು.

ಹೆಡ್‌ಮಿಸ್ ಬಾಗಿಲ ಹತ್ತಿರ ಬಂದು ನನ್ನನ್ನು ಕರೆದರು.

‘ಆ ಮಗು ಇವತ್ತು ಹಾಡೋದು ಬೇಡ. ಹುಡುಗರು ರೋಡಲ್ಲಿ ತಿರುಗ್ತಿದ್ದಾರೆ. ಯಾವ್ಯಾವ ಮನೆ ತಮಿಳ್ರದು ಅಂತ ವಿಚಾರಿಸ್ಕೊಂಡು ಹೋಗ್ತಿದ್ದಾರಂತೆ.’

‘ಏನು ಹೇಳ್ಲಿ ಅವಳಿಗೆ?’

‘ಏನೂ ಹೇಳ್ಬೇಡಿ. ಮಗು ಅದು. ಅದಕ್ಕೆ ಯಾಕೆ ಗೊತ್ತಾಗ್ಬೇಕು ಇದೆಲ್ಲಾ?’

ನನಗೂ ಅದೇ ಸರಿ ಎನಿಸಿತು. ಅವಳನ್ನು ತಾಯಿಯ ಕೈಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಅವಳಿಗೆ ಇದೊಂದೂ ತಿಳಿಯಬಾರದು. ಆ ದಿನ ನನಗಿದ್ದ ಕೆಲಸ ಅಷ್ಟೇ. ಒಳಗೆ ಹೋದರೆ ಉಳಿದ ಮಕ್ಕಳು ‘ಅವಳ್ದು! ಅವಳ್ದು!’ ಎಂದು ಬೆಂಚು ಕುಟ್ಟುತ್ತಿದ್ದರು. ಅವಳು ಆಗಲೇ ಎದ್ದು ನಿಂತು ಕೈ ಕಟ್ಟಿಕೊಂಡಿದ್ದಳು.

‘ಇವತ್ತು ಹೊಸ ಆಟ. ಇವತ್ತು ಬಾಯಿ ಹಾಡಲ್ಲ, ಕೈ ಹಾಡತ್ತೆ. ಎಲ್ಲರೂ ಬಾಯಿ ಮೇಲೆ ಬೆರಳಿಡಿ. ಚಪ್ಪಾಳೆ ಕೂಡ ಸದ್ದಾಗ್ಬಾರ್ದು, ನೋಡ್ಕೊಂಡೇ ಎಣಿಸ್ಬೇಕು’ ಎಂದೆ. ನಗುನಗುತ್ತಲೇ ಹೇಳಿದೆ. ನನ್ನ ನಗು ನನಗೇ ಬೇರೆಯವರದು ಎನಿಸಿತು.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಸದ್ದಿಲ್ಲದೆ ಕೈ ತಟ್ಟತೊಡಗಿದಳು. ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಕಣ್ಣಲ್ಲೇ ಎಣಿಸುತ್ತಿದ್ದರು. ನಮ್ಮ ಕ್ಲಾಸು ಹುಟ್ಟಿದಂದಿನಿಂದ ಅಷ್ಟು ಸದ್ದಿಲ್ಲದೆ ಇದ್ದದ್ದೇ ಇಲ್ಲ.

ಆ ನಿಶ್ಶಬ್ದವೇ ನಮಗೆ ಮುಳುವಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಏಳೆಂಟು ಗಂಡಸರು ಗೇಟಿನ ಮುಂದೆ ನಿಂತರು. ಒಬ್ಬ ಗೇಟು ತೆಗೆದು ಕಿಟಕಿಯವರೆಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ಕುಂಕುಮ. ಬೇರೆ ದಿನ ಸಿಕ್ಕಿದ್ದರೆ ಯಾವುದೋ ಮಗುವಿನ ಚಿಕ್ಕಪ್ಪ ಎಂದುಕೊಳ್ಳುತ್ತಿದ್ದೆ. ಅವನ ಕೈಯಲ್ಲಿ ಒಂದು ಕಬ್ಬಿಣದ ರಾಡು ಇತ್ತು. ಅದನ್ನು ಅವನು ಛತ್ರಿಯ ಹಾಗೆ ನೆಲಕ್ಕೆ ಊರಿಕೊಂಡಿದ್ದ.

‘ಏನ್ ಮೇಡಂ, ಇವತ್ತೂ ಸ್ಕೂಲಾ? ಇಷ್ಟು ಸೈಲೆಂಟಾಗಿದೆ?’

‘ಎಣಿಸೋ ಆಟ ಸಾರ್. ಮಕ್ಳನ್ನ ಕರ್ಕೊಂಡು ಹೋಗೋರು ಬರೋವರೆಗೂ’ ಎಂದೆ.

‘ಎಲ್ಲಾ ನಮ್ಮೋರ ಮಕ್ಳೇ ತಾನೇ?’

‘ಎಲ್ಲಾ ಮಕ್ಳೇ ಸಾರ್’ ಎಂದೆ.

ಅವನು ಕಿಟಕಿಯ ಸರಳು ಹಿಡಿದು ಮಕ್ಕಳನ್ನು ನೋಡಿ ನಕ್ಕ. ‘ರಜೆ ಬಂತಲ್ಲ, ಖುಷೀನಾ ಮಕ್ಳಾ?’ ಎಂದ. ‘ಹೌದು ಅಂಕಲ್!’ ಎಂದು ಎಲ್ಲರೂ ಕಿರುಚಿದರು. ‘ಯಾರದು ಈಗ ಸರದಿ?’ ಎಂದ. ಅಷ್ಟೂ ಮಕ್ಕಳು ಒಟ್ಟಿಗೆ ಅವಳ ಕಡೆ ಬೆರಳು ತೋರಿಸಿದರು. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಅವಳ ಹಾಡು ಸಖತ್ತಾಗಿದೆ ಅಂಕಲ್, ನಮಗೆ ಅರ್ಥಾನೇ ಆಗಲ್ಲ!’ ಎಂದ.

ಕಿಟಕಿಯಲ್ಲಿದ್ದವನ ನಗು ಹಾಗೇ ಇತ್ತು. ಹಿಂದಿದ್ದವರಲ್ಲಿ ಇಬ್ಬರು ಹತ್ತಿರ ಬಂದರು.

‘ಹೌದಾ? ಯಾವ ಹಾಡಮ್ಮ ಅದು? ಹೇಳು ನೋಡೋಣ. ಬಾಯ್ಬಿಟ್ಟು ಹೇಳು.’

ನಾನು ಅವಳ ಕಡೆ ಒಂದು ಹೆಜ್ಜೆ ಇಟ್ಟೆ. ಅವಳು ನನ್ನ ಕಡೆ ನೋಡಲಿಲ್ಲ. ಅವನನ್ನೇ ನೋಡುತ್ತಾ, ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತಾ ಶುರು ಮಾಡಿದಳು.

‘ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು, ಎರಡ್ಮೂರ್ಲಿ ಆರು...’

ರಾಗ ಅವಳ ಅಜ್ಜಿಯದೇ, ತಾಳವೂ ಅದೇ. ಬಾಯಲ್ಲಿ ಮಾತ್ರ ನಾನು ಕಲಿಸಿದ ಮಗ್ಗಿ. ಒಂದು ಕಡೆಯೂ ತಡವರಿಸದೆ ಎರಡ್ಹತ್ಲಿ ಇಪ್ಪತ್ತರವರೆಗೆ ಹೇಳಿ, ಕೈ ಕಟ್ಟಿ ನಿಂತಳು.

‘ಮಗ್ಗೀನೇ ಅರ್ಥ ಆಗಲ್ವಾ ನಿಂಗೆ?’ ಎಂದು ಅವನು ಮುಂದಿನ ಬೆಂಚಿನ ಹುಡುಗನನ್ನು ಗೇಲಿ ಮಾಡಿದ. ಹಿಂದಿದ್ದವರು ಹೋ ಎಂದು ನಕ್ಕರು. ಹುಡುಗ ಏನೋ ಹೇಳಲು ಹೊರಟವನು ನನ್ನ ಮುಖ ನೋಡಿ ಕುಳಿತುಬಿಟ್ಟ. ‘ಚೆನ್ನಾಗಿ ಕಲಿಸಿದ್ದೀರ ಮೇಡಂ’ ಎಂದು ಹೇಳಿ ಅವನು ರಾಡನ್ನು ಹೆಗಲಿಗೇರಿಸಿಕೊಂಡು ಹೋದ. ಹೋಗುವಾಗ ಗೇಟನ್ನು ಎಳೆದು ಚಿಲಕ ಹಾಕಿದ, ಮಕ್ಕಳು ರಸ್ತೆಗೆ ಬರಬಾರದಲ್ಲ.

ಅವಳಿಗೆ ಏನೂ ತಿಳಿಯದಂತೆ ಆಟ ಕಟ್ಟುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಎಲ್ಲ ತಿಳಿದಿತ್ತು. ಯಾರು ಹೇಳಿದರೋ, ವಠಾರದ ನಲ್ಲಿಯ ಹತ್ತಿರ ಏನು ಕೇಳಿಸಿಕೊಂಡಿದ್ದಳೋ. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಎನಿಸಿತು, ಆದರೆ ಹತ್ತಿರ ಹೋಗಲು ಯಾಕೋ ಹೆದರಿಕೆಯಾಯಿತು. ಏಳು ವರ್ಷದ ಮಗುವಿನ ಮುಖದಲ್ಲಿ ಅಷ್ಟು ಎಚ್ಚರ ಇರಬಾರದು.

ಅವಳ ತಾಯಿ ಬಂದಾಗ ಮಧ್ಯಾಹ್ನ ಜಾರಿತ್ತು, ಕ್ಲಾಸಿನಲ್ಲಿ ಅವಳೊಬ್ಬಳೇ ಉಳಿದಿದ್ದಳು. ನಾಲ್ಕನೇ ಬ್ಲಾಕಿನಿಂದ ಗಲ್ಲಿಗಲ್ಲಿ ಸುತ್ತಿಕೊಂಡು ನಡೆದು ಬಂದಿದ್ದ ತಾಯಿ ಗೇಟಿನ ಹತ್ತಿರ ಮಗಳನ್ನು ನೋಡಿದವಳೇ ಎಲ್ಲ ಮರೆತು, ‘ಕಣ್ಣು!’ ಎಂದು ತಮಿಳಿನಲ್ಲಿ ಮುದ್ದಿನಿಂದ ಕೂಗಿ ಕರೆದು ಅಳತೊಡಗಿದಳು. ಮಗಳು ಓಡಿಹೋಗಿ ಅವಳ ಬಾಯಿಗೆ ಅಂಗೈ ಒತ್ತಿದಳು.

ಅವರಿಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ, ನಾನೂ ಹೊರಟೆ. ಮಾರೇನಹಳ್ಳಿ ರಸ್ತೆ ಖಾಲಿಯಾಗಿತ್ತು. ನಡುವೆ ಒಂದು ಲಾರಿ ಉರಿದು ಕಪ್ಪಾಗಿ ನಿಂತಿತ್ತು. ತಾಯಿ ಅದರ ನಂಬರ್ ಪ್ಲೇಟಿನ ಕಡೆ ನೋಡಿ, ಗಂಡನದಲ್ಲ ಎಂದು ಖಾತ್ರಿ ಮಾಡಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಗಡಿಯ ಕಟ್ಟೆಗಳ ಮೇಲೆ ಗಂಡಸರು ಗುಂಪುಗುಂಪಾಗಿ ಕುಳಿತಿದ್ದರು. ಒಂದೊಂದು ಗುಂಪು ಹತ್ತಿರವಾದಾಗಲೂ ಹುಡುಗಿ ನನ್ನ ಕೈ ಜಗ್ಗಿ, ಅವರಿಗೆಲ್ಲ ಕೇಳುವ ಹಾಗೆ ಮಾತು ತೆಗೆಯುತ್ತಿದ್ದಳು.

‘ಮಿಸ್, ರಜೇಲಿ ಎಷ್ಟು ಪೇಜ್ ಕಾಪಿ ಬರೀಬೇಕು ಮಿಸ್?’

‘ಹತ್ತು ಪೇಜ್’ ಎನ್ನುತ್ತಿದ್ದೆ ನಾನೂ ಗಟ್ಟಿಯಾಗಿ.

‘ಲೆಕ್ಕಾನೂ ಮಾಡ್ಬೇಕಾ ಮಿಸ್?’

‘ಲೆಕ್ಕಾನೂ ಮಾಡ್ಬೇಕು.’

ಗುಂಪು ಹಿಂದಾದ ಕೂಡಲೇ ಸುಮ್ಮನಾಗುತ್ತಿದ್ದಳು. ಇಡೀ ದಾರಿ ತಾಯಿಯ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ, ತಾಯಿಯನ್ನು ಆಡಗೊಡಲೂ ಇಲ್ಲ.

ವಠಾರದ ಮಾಲೀಕರು ಸಾರಕ್ಕಿಯ ಹಳೇ ಬೇಸಾಯಗಾರರ ಮನೆತನದವರು. ಅವರ ಹೆಂಡತಿ ದಾರಿ ಕಾಯುತ್ತಾ ನಿಂತಿದ್ದರು. ‘ಬೇಗ ಒಳಗ್ ಹೋಗ್ರಮ್ಮ, ನಾನ್ ಇಲ್ಲೇ ಕೂತಿರ್ತೀನಿ. ಯಾವನು ಬರ್ತಾನೋ ಬರ್ಲಿ’ ಎಂದು ಕಲ್ಲಿನ ಮೆಟ್ಟಿಲ ಮೇಲೆ ಕುಳಿತರು. ನಾವು ಒಂದೇ ಕೋಣೆಯ ಆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ತಾಯಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಜೋರಾಗಿ ಉಸಿರು ಬಿಟ್ಟಳು. ಆಮೇಲೆ ಮಗಳ ಗಲ್ಲ ಹಿಡಿದು ಮೆಲ್ಲಗೆ, ‘ಪಸಿಕ್ಕುದಾ ಕಣ್ಣು?’ ಎಂದಳು. ಹಸಿವಾಯಿತೇ ಎಂದು ಕೇಳಿದ್ದು.

‘ಬೇಡಮ್ಮ’ ಎಂದಳು ಮಗಳು ಕನ್ನಡದಲ್ಲಿ.

ತಾಯಿ ಮತ್ತೆ ಏನೋ ಕೇಳಿದಳು, ಇನ್ನೂ ಮೆತ್ತಗೆ. ‘ಬೇಡ ಅಂದ್ನಲ್ಲಮ್ಮ’ ಎಂದಳು ಮಗಳು.

ತಾಯಿ ನನ್ನ ಕಡೆ ತಿರುಗಿದಳು. ‘ಮಿಸ್, ನೀವಾದ್ರೂ ಹೇಳಿ ಅವಳ್ಗೆ. ಮನೆ ಒಳ್ಗೆ ಮಾತಾಡ್ಬೋದು ಅಂತ ಹೇಳಿ. ನೀವ್ ಹೇಳಿದ್ರೆ ಕೇಳ್ತಾಳೆ.’

ನಾನು ಮಂಡಿಯೂರಿ ಕುಳಿತು ಅವಳ ಎರಡು ಕೈ ಹಿಡಿದುಕೊಂಡೆ. ‘ಇದು ನಿಮ್ಮನೆ ಪುಟ್ಟಿ. ಇಲ್ಲಿ ನೀನು ಅಮ್ಮನ ಹತ್ರ ಹೇಗೆ ಬೇಕಾದ್ರೂ ಮಾತಾಡ್ಬೋದು. ಮಿಸ್ ಹೇಳ್ತಿದ್ದೀನಿ ಅಲ್ವಾ?’ ಎಂದೆ.

ಅವಳು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಮೆಲ್ಲಗೆ ಕೈ ಬಿಡಿಸಿಕೊಂಡು, ಸ್ಟೂಲ್ ಎಳೆದು, ಅದರ ಮೇಲೆ ಹತ್ತಿ ಕಿಟಕಿ ಮುಚ್ಚಿದಳು. ಕೆಳಗಿಳಿದು ಬಂದು ತಾಯಿಯ ಪಕ್ಕ ಕುಳಿತಳು. ಆಮೇಲೂ ಅವಳು ಕನ್ನಡದಲ್ಲೇ ಮಾತಾಡಿದಳು.