ಟೈಲರಣ್ಣನ ಪ್ರಿಂಟರು

ಟೈಲರಣ್ಣ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಅಂಗಡಿಯಾಕೆಯ ತಲೆನೋವು ಅವನಿಗಿಂತ ಮೊದಲೇ ಒಳಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ. ಅವನಿಗೆ ಬೇಕಾದದ್ದು ಮನೆಯಲ್ಲೇ ಫೋಟೋ ಅಚ್ಚು ಹಾಕುವ ಒಂದು ಪ್ರಿಂಟರು, ಅದಕ್ಕೊಪ್ಪುವ ಕಾಗದ. ಅವನು ಆರಿಸುವಷ್ಟರಲ್ಲಿ ಕಂಪನಿಯವರು ಮೂರು ಹೊಸ ಮಾಡೆಲ್ ಮಾರುಕಟ್ಟೆಗೆ ಬಿಟ್ಟು, ಎರಡನ್ನು ನಿಲ್ಲಿಸಿಯೂ ಆಯಿತು. ಕೊರಳ ಟೇಪು ತೆಗೆದು ಪ್ರಿಂಟರಿನ ಸೊಂಟದಳತೆ ತೆಗೆಯುತ್ತಾನೆ. ಕಾಗದವನ್ನು ಬೆರಳಲ್ಲಿ ಹೊಸಕಿ, "ಗ್ಲಾಸಿ ಅಂದ್ರೆ ಸ್ಯಾಟಿನ್ ಲೈನಿಂಗು, ಬರೀ ಮಿಂಚು. ಮಿಂಚಿಲ್ದಿರೋ ಈ ಮ್ಯಾಟ್ ಪರವಾಗಿಲ್ಲ, ಕುಗ್ಗುತ್ತಾ?" ಎನ್ನುತ್ತಾನೆ. "ಕುಗ್ಗೋಕೆ ಅದೇನು ಚಡ್ಡೀನಾ ಅಣ್ಣಾ?" ಎಂದು ರೇಗಿದರೂ ಅವನಿಗೆ ನಾಟುವುದಿಲ್ಲ. ಮಗಳ ಒಂದೇ ಫೋಟೋವನ್ನು ಹನ್ನೊಂದು ಪ್ರಿಂಟರಿನಲ್ಲಿ ತೆಗೆಸಿ, ಬಾಗಿಲ ಬೆಳಕಿಗೆ ಹಿಡಿದು, ಮೂಗು ತಾಗುವಷ್ಟು ಬಗ್ಗಿ, "ಊಹೂಂ, ಕೆನ್ನೆ ಬಿಳಚ್ಕೊಂಡಿದೆ" ಎಂದು ತಲೆಯಾಡಿಸುತ್ತಾನೆ. ಹನ್ನೆರಡನೆಯದಕ್ಕೆ ಅಂಗಡಿಯಾಕೆ ಕೈಮುಗಿದುಬಿಟ್ಟಳು. "ಸ್ಟುಡಿಯೋಗೆ ಕೊಡಿ ಮಾರಾಯ್ರೆ, ಅವರು ಚೆನ್ನಾಗಿ ಮಾಡ್ಕೊಡ್ತಾರೆ!" "ಅದೇ ಕಣಮ್ಮಾ ತೊಂದ್ರೆ. ಮಗೂ ಕೆನ್ನೇಲಿ ಹುಟ್ಟಿದಾಗಿಂದ ಕೆಂಪು ಮಚ್ಚೆ ಇದೆ. ಕೇಳ್ದೇನೆ ಅಳಿಸಿ ಕೊಟ್ರು. ಅವಳು ಅದನ್ನ ನೋಡಿ, 'ಅಪ್ಪಾ, ನಿಂಗೆ ಇವಳು ಬೇಕಿತ್ತಾ?' ಅಂದ್ಲು." ಅಂಗಡಿಯಾಕೆ ತನ್ನ ಕಂಪ್ಯೂಟರಿಗೆ ಬಗ್ಗಿದಳು. ಬಂದವರ ಮುಖವೆಲ್ಲ ಚೆಂದ ಕಾಣಲೆಂದು, ಚರ್ಮ ನಯಗೊಳಿಸುವ ಆಯ್ಕೆಯನ್ನು ವರ್ಷದ ಹಿಂದೆ ಅವಳೇ ಒತ್ತಿಟ್ಟು ಮರೆತಿದ್ದಳು. ಆ ಗುಂಡಿಯನ್ನು ಅವನೆದುರೇ ಆಫ್ ಮಾಡಿ, ಮ್ಯಾಟ್ ಹಾಳೆಯೊಂದನ್ನು ಹಾಕಿದಳು. ಹೊರಬಂದ ಫೋಟೋವನ್ನು ಟೈಲರಣ್ಣ ಬೆಳಕಿಗೂ ಹಿಡಿಯಲಿಲ್ಲ, ಬೆರಳಲ್ಲೂ ಹೊಸಕಲಿಲ್ಲ. "ಬಂದ್ಲು ನೋಡು," ಎಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಪ್ರಿಂಟರು ಯಾವ್ದಾದ್ರೂ ಕೊಡಮ್ಮಾ. ಆದ್ರೆ ಆ ಗುಂಡಿ ಎಲ್ಲಿದೆ ಅಂತ ಮೊದ್ಲು ತೋರಿಸ್ಕೊಡು."