ದೇವರ ಗೂಡಿನ ನೀಲಿ ಬಾಟಲು

ಮಳವಳ್ಳಿಯ ನನ್ನ ಪ್ರಿಂಟಿಂಗ್ ಅಂಗಡಿಯ ಅಟ್ಟ ಗುಡಿಸುವಾಗ ರಟ್ಟಿನ ಡಬ್ಬದೊಳಗೆ ಒಂದು ಟವೆಲಿನ ಗಂಟು ಸಿಕ್ಕಿತು. ಬಿಚ್ಚಿದೆ. ಮೂಗಿಗೆ ಬಡಿದದ್ದು ಆಲೆಮನೆಯ ವಾಸನೆ. ಕುದಿಯುವ ಕಬ್ಬಿನ ಹಾಲು, ಉರಿಯುವ ಸಿಪ್ಪೆಯ ಹೊಗೆ... ಇಷ್ಟು ವರ್ಷವಾದರೂ ಆ ಬಟ್ಟೆ ವಾಸನೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಟವೆಲಿನೊಳಗೆ ಒಂದು ಗಾಜಿನ ಬಾಟಲು, ಬಾಟಲಿನೊಳಗೆ ನೀಲಿ ಇಂಕು. ಅದನ್ನು ಅಲ್ಲಾಡಿಸದೆ, ಹಸುಗೂಸನ್ನು ಇಳಿಸುವ ಹಾಗೆ ಮೇಜಿನ ಮೇಲಿಟ್ಟೆ. ಹಾಗೆ ಇಡಲು ಕಲಿಸಿದವರು ನಮ್ಮ ಮೇಡಂ.

ಡಿಗ್ರಿ ಮುಗಿಸಿದ ಹೊಸದರಲ್ಲಿ ನಾನು ಹನಕೆರೆಯಿಂದ ದಿನಾ ರೈಲು ಹತ್ತಿ ಮದ್ದೂರಿನ ಬಳಿ ಒಂದು ಸಣ್ಣ ಇಂಕಿನ ಕಾರ್ಖಾನೆಗೆ ಹೋಗುತ್ತಿದ್ದೆ. ಲ್ಯಾಬಿನಲ್ಲಿ ಕೆಲಸ. ಲ್ಯಾಬ್ ಅಂದರೆ ಎರಡು ಮೇಜು, ಒಂದು ತಕ್ಕಡಿ, ಕರೆಂಟು ಇದ್ದಾಗ ಮಾತ್ರ ಬಿಸಿಯಾಗುವ ಒಂದು ಪೆಟ್ಟಿಗೆ, ಮತ್ತು ಮೇಡಂ. ಕೆರಗೋಡಿನವರು. ಕೆಮಿಸ್ಟ್ರಿ ಓದಿದ್ದರೂ ಊರಿನ ಮಾತಿಗೆ ಇಸ್ತ್ರಿ ಹಾಕಿರಲಿಲ್ಲ. ನನಗೋ, ಯಾರನ್ನು ಕಂಡರೂ ಅವರ ದನಿ ತೆಗೆಯುವ ಚಟ. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೇ ಅನುಮಾನವಿತ್ತು. ಮೇಡಂ ದನಿ ನನ್ನ ಗಂಟಲಿಗೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಬಾಗಿಲ ಮರೆಯಿಂದ ನಾನು ಗದರಿದರೆ ಕೆಲಸದವರು ಎದ್ದು ನಿಲ್ಲುತ್ತಿದ್ದರು.

"ಲೇ, ನಂದೊಂದು ಗಂಟ್ಲು ಸಾಲ್ದು ಅಂತ ನೀನೂ ಒಂದು ಇಟ್ಕಂಡಿದ್ದೀಯೇನ್ಲಾ?" ಎನ್ನುತ್ತಿದ್ದರು. ಬೈಗುಳವೋ ಮೆಚ್ಚುಗೆಯೋ... ಎರಡೂ ಇರಬೇಕು.

ಆ ವರ್ಷ ನೀಲಿ ಇಂಕು ಕೈಕೊಟ್ಟಿತ್ತು. ಕಳಿಸಿದ ಡಬ್ಬಗಳು ಕೆಲವೇ ತಿಂಗಳಲ್ಲಿ ವಾಪಸು ಬರುತ್ತಿದ್ದವು. ತಳದಲ್ಲಿ ಗಟ್ಟಿ ಮಡ್ಡಿ, ಮೇಲೆ ಬಣ್ಣಗೆಟ್ಟ ನೀರು, ಗಿರಾಕಿಗಳ ಪ್ರಿಂಟರಿನ ಬಾಯೆಲ್ಲ ಕಟ್ಟಿಹೋಗಿತ್ತು. ಓನರ್ ಭಾಯ್ ಮಂಡ್ಯದವರು, ಮೆತ್ತಗೆ ಮಾತನಾಡುವ ಮನುಷ್ಯ. ಆ ದಿನವೂ ಮೆತ್ತಗೇ ಹೇಳಿದರು: "ಮೇಡಂ, ಇದೊಂದು ಸಲ ನೋಡೋಣ. ಮತ್ತೆ ತಳ ಕೂತ್ರೆ ನೀಲಿ ಬಂದ್. ನೀಲಿ ಇಲ್ಲ ಅಂದ್ಮೇಲೆ ಈ ಲ್ಯಾಬ್ ಯಾಕೆ, ನೀವೇ ಹೇಳಿ." ಆ ಲ್ಯಾಬನ್ನು ಬರಿಗೋಡೆಯಿಂದ ಕಟ್ಟಿದವರೇ ಮೇಡಂ.

"ಇದು ಸಕ್ಕರೆ ಅಲ್ಲ ಕಣ್ಲಾ, ಕರಗಕ್ಕೆ" ಎಂದು ನನಗೆ ಪಾಠ ಮಾಡಿದರು. "ಪುಡಿ. ನೀರಲ್ಲಿ ಬಿಡಿಬಿಡಿಯಾಗಿ ನಿಂತಿರ್ಬೇಕು. ಒಂದಕ್ಕೊಂದು ಅಂಟ್ಕಂಡ್ವು ಅನ್ನು, ಮದ್ವೆ ಮನೆ ನೆಂಟ್ರಂಗೆ ಕೂತವು ಮೇಲೇಳಕ್ಕಿಲ್ಲ." ಬೋರಿನ ನೀರಿನ ಸುಣ್ಣದ ಅಂಶವೇ ಹಾಗೆ ಅಂಟಿಸುತ್ತಿದೆ ಎಂಬುದು ಅವರ ಗುಮಾನಿ. ನೀರನ್ನು ಶುದ್ಧ ಮಾಡಿ ಬಳಸಿದರು, ಪುಡಿಯನ್ನು ಇನ್ನೂ ನುಣ್ಣಗೆ ಅರೆಸಿದರು, ಕಣಗಳು ಒಂದನ್ನೊಂದು ಮುಟ್ಟದಂತೆ ತಡೆಯುವ ಮದ್ದನ್ನು ಬದಲಾಯಿಸಿದರು.

ಇನ್ನು ಪರೀಕ್ಷೆ. ಕಪಾಟಿನಲ್ಲಿ ವರ್ಷಗಟ್ಟಲೆ ಕಾದರೆ ತಿಳಿಯುವ ಹಾಳು, ಬೆಚ್ಚಗಿನ ಜಾಗದಲ್ಲಿ ಕೆಲವು ವಾರಕ್ಕೇ ಮುಖ ತೋರಿಸುತ್ತದಂತೆ. ಆದರೆ ನಮ್ಮ ಬಿಸಿಪೆಟ್ಟಿಗೆ ಕರೆಂಟು ಹೋದಾಗಲೆಲ್ಲ ತಣ್ಣಗಾಗುತ್ತಿತ್ತು. ಕೊನೆಗೆ ಮೇಡಂ ಬಾಟಲುಗಳನ್ನು ಚೀಲಕ್ಕೆ ಹಾಕಿ, ನನ್ನನ್ನು ಬಸ್ಸಿಗೆ ಹತ್ತಿಸಿ, ಕೆರಗೋಡಿನ ತಮ್ಮ ಅಣ್ಣನ ಆಲೆಮನೆಗೆ ಕರೆದುಕೊಂಡು ಹೋದರು. ಕಬ್ಬಿನ ಕಾಲ, ಒಲೆ ಆರುವುದೇ ಇಲ್ಲ. ಒಲೆಯ ಹಿಂಬದಿಯ ಗೋಡೆಗೆ ಥರ್ಮಾಮೀಟರ್ ಹಿಡಿದು, ಗೋಡೆ ಹದವಾಗಿ ಬೆಚ್ಚಗಿರುವ ಕಡೆ ಕಟ್ಟೆಯ ಮೇಲೆ ಬಾಟಲು ಜೋಡಿಸಿದರು.

"ಜ್ವಾಪಾನ ಅಣ್ಣ."

"ನನ್ ಮಕ್ಳಂಗೆ ನೋಡ್ಕತೀನಿ, ಓಗು ಕಣವ್ವ."

ಕೆಲವು ವಾರ ಕಳೆದ ಮೇಲೆ ಓನರ್ ಭಾಯ್ ಕಾರಿನಲ್ಲೇ ಎಲ್ಲರೂ ಹೋದೆವು. ಮೇಡಂ ಒಂದೊಂದೇ ಬಾಟಲನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದರು. ತಳ ಕನ್ನಡಿಯ ಹಾಗಿತ್ತು. ಓನರ್ ಮುಖ ಅರಳಿತು. ಅಣ್ಣ ಎಲ್ಲರ ಕೈಗೂ ಬಿಸಿ ಬೆಲ್ಲ ಕೊಟ್ಟರು. ನಾನು ಓನರ್ ದನಿಯಲ್ಲಿ "ನೀಲಿ ಚಾಲೂ" ಎಂದು ಘೋಷಿಸಿದೆ. ಓನರೇ ನಕ್ಕರು.

ಆಗ ಅಣ್ಣ ಮೀಸೆ ತಿರುವುತ್ತಾ ಅಂದರು: "ತಳ ಇಡಿಯಕ್ಕೆ ನಾನ್ ಬುಟ್ರೆ ತಾನೇ? ಒತ್ತಾರೆ, ಸಂದೆ, ದಿನಾ ಚೆನ್ನಾಗಿ ಕುಲುಕಿವ್ನಿ."

ಮೇಡಂ ಕೈಯಲ್ಲಿದ್ದ ಬೆಲ್ಲ ಅಲ್ಲೇ ನಿಂತಿತು. "ಕುಲುಕ್ದ್ಯಾ ಅಣ್ಣಾ?"

"ಊಂ ಮತ್ತೆ. ಪಾಕ ಆದ್ರೇನು, ಬಣ್ಣ ಆದ್ರೇನು, ಕದಡ್ದೆ ಬುಟ್ರೆ ತಳ ಇಡಿಯಕ್ಕಿಲ್ವಾ?"

ಹುಟ್ಟಿದಾಗಿನಿಂದ ಕೊಪ್ಪರಿಗೆ ಕದಡಿದ ಕೈ ಅದು, ಸುಮ್ಮನೆ ಹೇಗೆ ಇದ್ದೀತು? ಆದರೆ ನಮ್ಮ ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ಅಲ್ಲಾಡಿಸಿದ ಇಂಕು ತಳ ಕೂರಲಿಲ್ಲ ಎಂದರೆ ಏನರ್ಥ? ನಿದ್ದೆ ಮಾಡಲು ಬಿಡದೆ "ಗೊರಕೆಯೇ ಇಲ್ಲ" ಎಂದ ಹಾಗೆ. ಓನರ್ ಬೆಲ್ಲ ನುಂಗಿ, ಕಾರಿನ ಕೀ ಹುಡುಕತೊಡಗಿದರು. ಮೇಡಂ ಅಣ್ಣನನ್ನು ಬೈಯಲೂ ಇಲ್ಲ. ಅವರು ಬೈಯದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು... ಆ ಮುಖದ ಅಣಕು ನನಗೆ ಇವತ್ತಿಗೂ ಬರುವುದಿಲ್ಲ.

ಏನಾದರೂ ಮಾಡಬೇಕಲ್ಲ ಎಂದು ಬಾಟಲುಗಳನ್ನು ಚೀಲಕ್ಕೆ ತುಂಬತೊಡಗಿದೆ. ಒಂದು ಕಮ್ಮಿ ಬಂತು.

"ಅದಾ, ಅಲ್ಲದಲ್ಲ" ಎಂದು ಅಣ್ಣ ಕೈ ತೋರಿಸಿದರು. ಅದೇ ಗೋಡೆಯ ಗೂಡಿನಲ್ಲಿ, ದೇವರ ಪಟದ ಪಕ್ಕ, ನಮ್ಮ ಬಾಟಲು. "ದ್ಯಾವ್ರ ಮೈಬಣ್ಣ ಇದ್ದಂಗದೆ ಅಂತ ಬಂದ ದಿನ್ವೇ ಇಟ್ಟೆ."

"ಅದ್ನೂ ಕುಲುಕ್ದ್ಯಾ?" ಎನ್ನುತ್ತಾ ಮೇಡಂ ಗೂಡಿನ ಬಳಿಗೆ ನಡೆದರು.

"ಬುಡ್ತು ಅನ್ನು! ದ್ಯಾವ್ರ ಗೂಡಲ್ಲಿರೋದ್ನ ಯಾರಾದ್ರೂ ಕುಲುಕ್ತಾರಾ?"

ಮೇಡಂ ಗೂಡಿನ ಗೋಡೆಗೆ ಥರ್ಮಾಮೀಟರ್ ಹಿಡಿದರು. ಅಷ್ಟೇ ಬಿಸಿ. ಬಾಟಲನ್ನು ಉಸಿರು ಬಿಗಿಹಿಡಿದು ಇಳಿಸಿ, ಮುಚ್ಚಳ ತೆಗೆದು, ಗಾಜಿನ ಕಡ್ಡಿಯನ್ನು ತಳದವರೆಗೆ ಬಿಟ್ಟು ಮೆಲ್ಲಗೆ ಎಳೆದರು. ಕಡ್ಡಿ ಎಲ್ಲೂ ತಡೆಯಲಿಲ್ಲ. ತಳದಲ್ಲಿ ಹಾಲಿನ ಕೆನೆಗಿಂತ ತೆಳುವಾದ ಒಂದು ಪದರ, ಬಾಟಲು ಒಂದು ಸಲ ಓರೆಯಾದದ್ದಕ್ಕೇ ಎದ್ದು ನೀರಲ್ಲಿ ಬೆರೆತುಹೋಯಿತು.

"ಕೂತ್ಕಳದು ತಪ್ಪಲ್ಲ ಕಣ್ಲಾ" ಎಂದರು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ. "ಕರುದ್ರೆ ಎದ್ದು ಬರ್ಬೇಕು. ಬಂತು."

ಒಂದು ಬಾಟಲು ಸಾಕ್ಷಿಯಾಗದು ಎಂದು ಇನ್ನೊಂದು ಸಲ ಪರೀಕ್ಷೆ ಇಟ್ಟವರೂ ಅವರೇ. ಈ ಸಲ ಒಂದೊಂದು ಬಾಟಲಿಗೂ ಅರಿಸಿನ ಕುಂಕುಮ ಹಚ್ಚಿದರು. ಅಣ್ಣ ದಿನಾ ಕೈ ಮುಗಿದರೇ ಹೊರತು ಮುಟ್ಟಲಿಲ್ಲ. ಎಲ್ಲ ಬಾಟಲೂ ಗೆದ್ದವು. ನೀಲಿ ಉಳಿಯಿತು, ಲ್ಯಾಬೂ ಉಳಿಯಿತು.

ನಾನು ಅಂಗಡಿ ಇಡಲು ಕೆಲಸ ಬಿಟ್ಟಾಗ ಮೇಡಂ ಆ ಗೂಡಿನ ಬಾಟಲನ್ನೇ ಅಣ್ಣನ ಟವೆಲಿನಲ್ಲಿ ಸುತ್ತಿ ಕೊಟ್ಟರು. "ಅಲ್ಲಾಡಿಸ್ದೆ ಮಡಗು. ಬಿಸಿ ಯೋಳದು ಅಂದಾಜು, ಕಾಲ ಯೋಳದೇ ದಿಟ. ಮರ್ತೋದಷ್ಟು ದಿನ ಆದ್ಮೇಲೆ ತಗ್ದು ನೋಡಿ ಪೋನ್ ಮಾಡು."

ಚೆನ್ನಾಗಿಯೇ ಮರೆತೆ. ಅಷ್ಟರಲ್ಲಿ ಮೇಡಂ ಕಾಯಿಲೆ ಬಿದ್ದರು, ಹೋದರು...

ಈಗ ಮೇಜಿನ ಮುಂದೆ ಕೂತು, ಊದುಬತ್ತಿಯ ಕಡ್ಡಿಯೊಂದನ್ನು ತೊಳೆದು ಒರೆಸಿ, ಬಾಟಲಿನ ತಳಕ್ಕೆ ಇಳಿಸಿದೆ. ಪದರ ಸ್ವಲ್ಪ ದಪ್ಪಗಿತ್ತು, ಆದರೆ ಮೆತ್ತಗಿತ್ತು. ಬಾಟಲನ್ನು ಒಮ್ಮೆ ಓರೆ ಮಾಡಿದೆ, ಇನ್ನೊಮ್ಮೆ ಮಾಡಿದೆ. ನೀಲಿ ಹೊಗೆಯ ಹಾಗೆ ಸುತ್ತುತ್ತಾ ಪೂರ್ತಿ ಎದ್ದು ಬಂತು. ಬಟ್ಟೆಯಲ್ಲಿ ಸೋಸಿದೆ. ಒಂದು ತರಿಯೂ ನಿಲ್ಲಲಿಲ್ಲ. ಫೋನ್ ತೆಗೆದುಕೊಂಡೆ. ಬೆರಳು ಮೊದಲು ಹೋದದ್ದು ಮೇಡಂ ನಂಬರಿಗೇ... ಸ್ವಲ್ಪ ಹೊತ್ತು ಬಿಟ್ಟು ಅಣ್ಣನಿಗೆ ಮಾಡಿದೆ. ನನಗೇ ಗೊತ್ತಿಲ್ಲದೆ ಮೇಡಂ ದನಿ ಹೊರಬಂತು: "ಅಣ್ಣ, ಎದ್ದು ಬಂತು ಕಣಣ್ಣ."

ತಪ್ಪು ಮಾಡಿದೆನೇನೋ ಎಂದುಕೊಂಡೆ.

"ಲೇ" ಎಂದರು ಅಣ್ಣ. "ಇನ್ನೊಂದ್ಸಲ ಅನ್ಲಾ."

ಅಂದೆ.